ನೆಕ್ಕುವ ಕಾಲು, ನೋಯುವ ಕೀಲು

ಹತ್ತು ವರ್ಷ ದಾಟಿದ ನಾಯಿಯನ್ನು ಸಾಕಿದವರು ಪಶುವೈದ್ಯರ ಮುಂದೆ ಹೇಳಿಕೊಳ್ಳುವ ದೂರುಗಳಲ್ಲಿ ಎರಡು ಆಗಾಗ ಜೊತೆಯಾಗಿಯೇ ಬರುತ್ತವೆ. ಏಳುವಾಗ ಕಾಲು ಹಿಡಿದುಕೊಳ್ಳುತ್ತದೆ, ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ಒಂದು. ರಾತ್ರಿಯಿಡೀ ಕಾಲು ನೆಕ್ಕುತ್ತಲೇ ಇರುತ್ತದೆ, ಆ ಪಚಪಚ ಸದ್ದಿಗೆ ಮನೆಮಂದಿಗೂ ನಿದ್ದೆಯಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೋವಿನ ಮಾತ್ರೆ ಸಿಗುತ್ತದೆ, ಎರಡನೆಯದಕ್ಕೆ ತುರಿಕೆಯ ಇಂಜೆಕ್ಷನ್. ಬಹಳ ಸಲ ಈ ಎರಡು ಚೀಟಿಗಳು ಬರುವುದು ಬೇರೆ ಬೇರೆ ದಿನ, ಬೇರೆ ಬೇರೆ ಕ್ಲಿನಿಕ್‌ನಿಂದ. ನನ್ನ ತಕರಾರು ಇರುವುದು ಇಲ್ಲೇ. ಎರಡನ್ನೂ ಒಂದೇ ಪ್ರಶ್ನೆಯಾಗಿ ನೋಡದಿದ್ದರೆ ಎರಡೂ ಅರ್ಧಂಬರ್ಧ ವಾಸಿಯಾಗುತ್ತವೆ. ಕೆಲವೊಮ್ಮೆ ಎರಡು ಚೀಟಿಯ ಔಷಧಗಳು ನಾಯಿಯ ಹೊಟ್ಟೆಯೊಳಗೆ ಜಗಳಕ್ಕೆ ಬಿದ್ದು ಮೂರನೆಯ ಕಾಯಿಲೆಯೇ ಹುಟ್ಟಿಕೊಳ್ಳುತ್ತದೆ.

ಮೊದಲು ನೋವಿನ ವಿಷಯ. ಕಾಲು ತುಳಿದರೆ ಕುಂಯ್‌ಗುಟ್ಟುವ ನಾಯಿ, ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಕೀಲುನೋವಿಗೆ ಬಾಯಿಬಿಡುವುದಿಲ್ಲ. ಬದಲಿಗೆ ತನ್ನ ದಿನಚರಿಯನ್ನೇ ಕುಗ್ಗಿಸಿಕೊಳ್ಳುತ್ತದೆ. ಗೇಟಿನ ಸದ್ದಿಗೆ ಓಡಿ ಬರುತ್ತಿದ್ದುದು ಕುಳಿತಲ್ಲೇ ಬಾಲ ಆಡಿಸುತ್ತದೆ. ಕಾರಿಗೆ ಹಾರುವ ಮುನ್ನ ಒಂದು ಗಳಿಗೆ ಯೋಚಿಸುತ್ತದೆ. ಬೆಳಿಗ್ಗೆ ಎದ್ದ ಹತ್ತು ಹೆಜ್ಜೆ ಬಿಗಿಯಾಗಿದ್ದು, ನಡೆಯುತ್ತಾ ನಡೆಯುತ್ತಾ ಸಡಿಲವಾಗುತ್ತದೆ. ತೊಡೆಯ ಮಾಂಸ ಕರಗಿ, ಎದೆ ಮತ್ತು ಹೆಗಲು ಮಾತ್ರ ದಪ್ಪಗೆ ಕಾಣುತ್ತವೆ. ದೇಹದ ಭಾರವನ್ನು ಮುಂಗಾಲಿಗೆ ದಾಟಿಸಿಕೊಂಡದ್ದರ ಗುರುತು ಅದು. ಮಕ್ಕಳು ಸೊಂಟ ಮುಟ್ಟಿದರೆ ಗುರ್ ಎನ್ನುವ ಹೊಸ ಸಿಡುಕೂ ಇದೇ ಪಟ್ಟಿಗೆ ಸೇರುತ್ತದೆ. ಇವನ್ನೆಲ್ಲ ಮನೆಯಲ್ಲಿ ‘ವಯಸ್ಸಾಯ್ತಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವಯಸ್ಸು ಕಾಯಿಲೆಯಲ್ಲ; ವಯಸ್ಸಿನ ಹೆಸರಲ್ಲಿ ನೋವು ತಪ್ಪಿಸಿಕೊಳ್ಳುತ್ತದೆ, ಅಷ್ಟೆ.

ಆ ನೋವಿನ ಹಿಂದೆ ಬಹುಪಾಲು ಇರುವುದು ಕೀಲು ಸವಕಳಿಯ ಸಂಧಿವಾತ. ಒಂದು ವರ್ಷ ದಾಟಿದ ನಾಯಿಗಳಲ್ಲಿ ಐದಕ್ಕೊಂದರಲ್ಲಿ ಇದು ಇರುತ್ತದೆ ಎಂಬ ಅಂದಾಜು ಪಶುವೈದ್ಯರ ನಡುವೆ ಬಹುಕಾಲದಿಂದ ಚಾಲ್ತಿಯಲ್ಲಿದೆ. ಮುದಿ ನಾಯಿಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸೊಂಟದ ಕೀಲಿನ ಬಟ್ಟಲು ಎಷ್ಟೋ ಸಲ ಬೆಳೆಯುವ ವಯಸ್ಸಿನಲ್ಲೇ ಸರಿಯಾಗಿ ಕೂಡದೆ ಹೋಗಿರುತ್ತದೆ. ಮರಿಯಾಗಿದ್ದಾಗ ಮುದ್ದಾಗಿ ಕಂಡ ಮೊಲದಂಥ ಕುಪ್ಪಳಿಕೆಗೆ ಎಂಟು–ಹತ್ತು ವರ್ಷದ ನಂತರ ಲೆಕ್ಕ ಚುಕ್ತಾ ಆಗುತ್ತದೆ. ಮೊಣಕಾಲಿನ ಅಸ್ಥಿರಜ್ಜು ಹರಿಯುವುದು ಇನ್ನೊಂದು ಸಾಮಾನ್ಯ ಕಾರಣ. ಮನುಷ್ಯರಲ್ಲಿ ಇದು ಹೆಚ್ಚಾಗಿ ಆಟದ ಮೈದಾನದ ಅಪಘಾತ. ನಾಯಿಯಲ್ಲಿ ನಾರು ಹಳೆಯ ಹಗ್ಗದಂತೆ ಎಳೆಎಳೆಯಾಗಿ ಸವೆದು ಒಂದು ದಿನ ಕಿತ್ತುಹೋಗುತ್ತದೆ. ಒಂದು ಕಾಲಿನದು ಹೋದರೆ ಇನ್ನೊಂದರದೂ ಹೋಗುವ ಸಂಭವ ಬಹಳ.

ಆದರೆ ಕುಂಟುವುದೆಲ್ಲ ಸಂಧಿವಾತವಲ್ಲ. ಹಿಂಗಾಲ ಉಗುರು ನೆಲಕ್ಕೆ ಉಜ್ಜಿ ಉಜ್ಜಿ ಸವೆದಿದ್ದರೆ, ಪಾದ ಮಗುಚಿ ಬೀಳುತ್ತಿದ್ದರೆ ತೊಂದರೆ ಇರುವುದು ಕಾಲಿನಲ್ಲಲ್ಲ, ಬೆನ್ನುಹುರಿಯಲ್ಲಿ. ಜರ್ಮನ್ ಶೆಫರ್ಡ್‌ಗಳಿಗೆ ಬರುವ, ಬೆನ್ನುಹುರಿ ಸವೆಯುವ ಕಾಯಿಲೆಯಲ್ಲಿ ನೋವೇ ಇರುವುದಿಲ್ಲ, ನೋವಿನ ಮಾತ್ರೆ ಅಲ್ಲಿ ವ್ಯರ್ಥ. ಗ್ರೇಟ್ ಡೇನ್, ರಾಟ್‌ವೀಲರ್‌ನಂಥ ದೊಡ್ಡ ತಳಿಯ ನಾಯಿಯಲ್ಲಿ ಒಂದೇ ಕಾಲು ದಿನೇದಿನೇ ಹೆಚ್ಚು ಕುಂಟುತ್ತಿದ್ದು, ಮುಂಗಾಲಿನ ಮಣಿಗಂಟಿನ ಮೇಲೋ ಹೆಗಲಲ್ಲೋ ಮೊಣಕಾಲಿನ ಸುತ್ತಲೋ ಗಟ್ಟಿ ಊತ ಕಂಡರೆ ಎಕ್ಸ್‌ರೇಗೆ ತಡಮಾಡಬಾರದು. ಮೂಳೆ ಕ್ಯಾನ್ಸರ್ ಬಯಸುವ ಜಾಗಗಳವು.

ನಮ್ಮ ಕಡೆಯಲ್ಲಿ ಈ ಪಟ್ಟಿಯ ಮೇಲ್ಭಾಗದಲ್ಲೇ ಬರೆಯಬೇಕಾದ ಹೆಸರು ಉಣ್ಣಿ ಜ್ವರ. ಕಂದು ಉಣ್ಣಿ ಕಚ್ಚಿದಾಗ ರಕ್ತಕ್ಕಿಳಿಯುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಕೀಲುಗಳಲ್ಲಿ ಉರಿಯೂತ ಎಬ್ಬಿಸಬಲ್ಲದು. ಇವತ್ತು ಬಲಗಾಲು, ನಾಳಿದ್ದು ಎಡಗಾಲು ಎಂದು ಕುಂಟು ಜಾಗ ಬದಲಿಸುತ್ತಿದ್ದರೆ, ಜೊತೆಗೆ ಮಂಕು, ಸಣ್ಣ ಜ್ವರ, ಮೂಗಿನಲ್ಲಿ ರಕ್ತ ಇದ್ದರೆ ರಕ್ತಪರೀಕ್ಷೆ ಮೊದಲು, ನೋವಿನ ಮಾತ್ರೆ ಆಮೇಲೆ. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಆ ಹೊತ್ತಿನಲ್ಲಿ ಆಸ್ಪಿರಿನ್ ಜಾತಿಯ ಔಷಧ ಕೊಟ್ಟರೆ ರಕ್ತಸ್ರಾವವನ್ನು ಕೈಯಾರೆ ಕರೆದಂತೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಲ್ಕನೇ ದಿನಕ್ಕೇ ನಾಯಿ ಗೆಲುವಾಯಿತೆಂದು ನಿಲ್ಲಿಸುವವರೇ ಹೆಚ್ಚು. ಕಂದು ಉಣ್ಣಿ ಗೋಡೆ ಬಿರುಕಿನಲ್ಲಿ ಅಡಗಿ ತನ್ನ ಇಡೀ ಜೀವನಚಕ್ರವನ್ನು ಮನೆಯೊಳಗೇ ಮುಗಿಸಬಲ್ಲ ಜೀವಿ. ನಾಯಿಗೆ ಮದ್ದು ಹಾಕಿ ಗೂಡನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ.

ಈಗ ನಾಲಿಗೆಯ ಕಡೆಗೆ ಬರೋಣ. ನೆಕ್ಕುವ ನಾಯಿಯನ್ನು ‘ಬಿಡು, ಬಿಡು’ ಎಂದು ಗದರುವ ಮುಂಚೆ ಎಲ್ಲಿ ನೆಕ್ಕುತ್ತಿದೆ ಎಂದು ನೋಡಬೇಕು. ನಾಲ್ಕೂ ಪಾದದ ಬೆರಳ ಸಂದಿಯನ್ನು ನೆಕ್ಕುತ್ತಿದ್ದರೆ ಅಲರ್ಜಿಯ ಅನುಮಾನ ಮೊದಲು. ಬಿಳಿ ಕೂದಲಿನ ನಾಯಿಯ ಪಾದ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಜೊಲ್ಲಿನಲ್ಲಿರುವ ಪಾರ್ಫಿರಿನ್ ಎಂಬ ವಸ್ತುವಿನ ಕಲೆ. ನೆಕ್ಕಾಟ ವಾರಗಳಿಂದ ನಡೆದಿದೆ ಎಂದರ್ಥ. ಮಳೆಗಾಲದಲ್ಲಿ ಆ ಒದ್ದೆ ಸಂದಿಯಲ್ಲಿ ಮಲಸೇಜಿಯಾ ಎಂಬ ಯೀಸ್ಟ್ ಬೆಳೆದು ಹುಳಿ ವಾಸನೆ ಬರುತ್ತದೆ, ತುರಿಕೆ ಇಮ್ಮಡಿಯಾಗುತ್ತದೆ. ಒಂದೇ ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ ಮೊದಲು ದೀಪ ಹಿಡಿದು ಆ ಪಾದ ನೋಡಿ: ಜಾಲಿಮುಳ್ಳು, ಹುಲ್ಲಿನ ಸುಂಕು, ಸೀಳಿದ ಉಗುರು. ಮುದಿ ನಾಯಿ ನಡೆಯುವುದು ಕಡಿಮೆ, ಉಗುರು ಸವೆಯುವುದಿಲ್ಲ. ನೆಲ ಮುಟ್ಟದ ಒಳಬದಿಯ ಹೆಬ್ಬೆರಳ ಉಗುರಂತೂ ಸುರುಳಿ ಸುತ್ತಿ ಚರ್ಮದೊಳಕ್ಕೇ ಹೊಕ್ಕಿರುತ್ತದೆ. ಇಂಥ ಉಗುರಿಗೆ ತಿಂಗಳುಗಟ್ಟಲೆ ಅಲರ್ಜಿಯ ಮದ್ದು ಕೊಟ್ಟ ಪ್ರಸಂಗಗಳು ಅಪರೂಪವಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಡಾಂಬರು ರಸ್ತೆಗೆ ಕರೆದೊಯ್ದರೆ ಅಂಗಾಲು ಸುಟ್ಟೂ ನೆಕ್ಕಬಹುದು.

ಇವೆಲ್ಲಕ್ಕಿಂತ ತಲೆನೋವಿನದು ಮುಂಗಾಲಿನ ಮಣಿಗಂಟಿನ ಮೇಲೆ ಏಳುವ ಹುಣ್ಣು. ನೆಕ್ಕಿ ನೆಕ್ಕಿ ಕೂದಲುದುರಿ, ಚರ್ಮ ದಪ್ಪಗಾಗಿ, ನಡುವೆ ಕೆಂಪಗೆ ಕುಳಿಬಿದ್ದ ಗಂಟು. ಲ್ಯಾಬ್ರಡಾರ್, ಡಾಬರ್‌ಮನ್, ಗ್ರೇಟ್ ಡೇನ್‌ಗಳಲ್ಲಿ ಹೆಚ್ಚು. ಈ ಹುಣ್ಣಿನ ಬಗ್ಗೆ ಪಶುವೈದ್ಯ ಲೋಕದ ಅಭಿಪ್ರಾಯ ಬದಲಾದ ಬಗೆ ಕುತೂಹಲದ್ದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮಕ್ಕಳ ಗೀಳುರೋಗವನ್ನು ಅಧ್ಯಯನ ಮಾಡುತ್ತಿದ್ದ ಜುಡಿತ್ ರಾಪೊಪೋರ್ಟ್, ಮತ್ತೆ ಮತ್ತೆ ಕೈತೊಳೆಯುವ ಮನುಷ್ಯರಿಗೂ ಕಾಲು ನೆಕ್ಕುವ ನಾಯಿಗಳಿಗೂ ಹೋಲಿಕೆ ಕಂಡು, ಗೀಳಿಗೆ ಕೊಡುವ ಕ್ಲೊಮಿಪ್ರಮಿನ್ ಮದ್ದನ್ನು ನಾಯಿಗಳ ಮೇಲೆ ಪ್ರಯೋಗಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆಕ್ಕುವುದು ಕಡಿಮೆಯಾಗಿತ್ತು. ಅಲ್ಲಿಂದ ಮುಂದೆ ನೆಕ್ಕುವ ನಾಯಿ ಎಂದರೆ ‘ಬೇಸರದ ನಾಯಿ’, ‘ಗೀಳಿನ ನಾಯಿ’ ಎನ್ನುವ ಮಾತು ಹರಡಿತು. ಆ ಪ್ರಯೋಗ ತಪ್ಪಲ್ಲ, ಅದರಿಂದ ಜನ ತೆಗೆದ ತೀರ್ಮಾನ ಅವಸರದ್ದು. ಮದ್ದಿಗೆ ಮಣಿದ ಮಾತ್ರಕ್ಕೆ ಕಾಯಿಲೆ ಮನಸ್ಸಿನಲ್ಲೇ ಹುಟ್ಟಿತೆಂದು ಹೇಳಲಾಗದು. ಇಂದು ಚರ್ಮತಜ್ಞ ಪಶುವೈದ್ಯರು ಗೀಳನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅಲರ್ಜಿ, ಆಳದ ಸೋಂಕು, ಗಡ್ಡೆ, ನರದ ತೊಂದರೆ, ಮುಖ್ಯವಾಗಿ ಹುಣ್ಣಿನ ಕೆಳಗಿರುವ ಕೀಲನ್ನು ಪರೀಕ್ಷಿಸಿದ ಮೇಲೆ.

ಕೀಲಿಗೂ ನಾಲಿಗೆಗೂ ಗಂಟು ಬೀಳುವುದು ಇಲ್ಲಿ. ನಾಯಿ ನೋಯುವ ಜಾಗಕ್ಕೆ ಕೈ ಒತ್ತಲಾರದು, ಬಿಸಿನೀರಿನ ಚೀಲ ಇಟ್ಟುಕೊಳ್ಳಲಾರದು. ಅದಕ್ಕಿರುವುದು ನಾಲಿಗೆ ಒಂದೇ. ಮಣಿಗಂಟಿನೊಳಗೆ ಸಂಧಿವಾತವಿದ್ದರೆ ಅದರ ಮೇಲಿನ ಚರ್ಮವನ್ನು, ಸೊಂಟ ನೋಯುತ್ತಿದ್ದರೆ ತೊಡೆಯನ್ನೋ ಹೊಟ್ಟೆಯ ಬದಿಯನ್ನೋ ನೆಕ್ಕುತ್ತದೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದ ವಿಮರ್ಶಾ ಲೇಖನದಲ್ಲಿ, ವರ್ತನೆಯ ದೋಷವೆಂದು ತಮ್ಮ ಬಳಿ ಬಂದ ಪ್ರಕರಣಗಳಲ್ಲಿ ಕಡಿಮೆಯೆಂದರೂ ಮೂರರಲ್ಲಿ ಒಂದಕ್ಕೆ ಯಾವುದಾದರೊಂದು ನೋವಿನ ಪಾಲು ಇದ್ದುದನ್ನು ದಾಖಲಿಸಿದ್ದಾರೆ. ಕೆಲವು ಗುಂಪುಗಳಲ್ಲಿ ಆ ಪಾಲು ಶೇ. 80ರ ಹತ್ತಿರ. ಇನ್ನು ಕಾಲನ್ನು ಬಿಟ್ಟು ನೆಲ, ಗೋಡೆ, ಸೋಫಾ ನೆಕ್ಕುವ ನಾಯಿಯ ಕಥೆಯೇ ಬೇರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಂಥ 19 ನಾಯಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಜಠರ ಅಥವಾ ಕರುಳಿನ ತೊಂದರೆ ಸಿಕ್ಕಿತು. 2012ರಲ್ಲಿ ಅದು ಪ್ರಕಟವಾಯಿತು. ಕಾಲುನೋವಿಗೆ ಮಾತ್ರೆ ಶುರುಮಾಡಿದ ಮೇಲೆ ನಾಯಿ ನೆಲ ನೆಕ್ಕತೊಡಗಿದರೆ ಮಾತ್ರೆ ಹೊಟ್ಟೆಯನ್ನು ಸುಡುತ್ತಿದೆಯೇ ಎಂದು ಕೇಳುವುದು ಮೊದಲ ಕೆಲಸ.

ಮಾತ್ರೆಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮನೆಗಳಲ್ಲಿ ಅನಾಹುತ ಆಗುವುದು ಇಲ್ಲೇ. ನಮ್ಮ ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್‌ಗಳಲ್ಲಿ ಅರ್ಧ ಮುರಿದು ಅನ್ನದಲ್ಲಿ ಕಲಸಿ ಹಾಕುವುದು ಊರೂರಲ್ಲೂ ಇದೆ. ನಾಯಿಯ ಜಠರ, ಮೂತ್ರಪಿಂಡ ಇವನ್ನು ತಾಳುವುದಿಲ್ಲ. ಡೈಕ್ಲೊಫೆನಾಕ್ ಭಾರತದ ರಣಹದ್ದುಗಳ ಸಂತತಿಯನ್ನು ಅಳಿವಿನಂಚಿಗೆ ತಳ್ಳಿದ್ದು ದನಗಳ ಕಳೇಬರದ ಮೂಲಕ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು, 2023ರಲ್ಲಿ ಅಸಿಕ್ಲೊಫೆನಾಕ್ ಮತ್ತು ಕೀಟೊಪ್ರೊಫೆನ್ ಕೂಡ ಆ ಪಟ್ಟಿಗೆ ಸೇರಿದವು. ಹದ್ದುಗಳಿಗೆ ಅಪಾಯವಿಲ್ಲವೆಂದು ಡೈಕ್ಲೊಫೆನಾಕ್‌ಗೆ ಬದಲಿಯಾಗಿ ಸೂಚಿಸಿದ ಮೆಲೊಕ್ಸಿಕಾಮ್ ನಾಯಿಯ ಸಂಧಿವಾತಕ್ಕೂ ಮೊದಲ ಸಾಲಿನ ಔಷಧ ಎನ್ನುವುದು ಒಂದು ಆಕಸ್ಮಿಕ. ರಾಮನಗರದ ರಾಮದೇವರ ಬೆಟ್ಟದ ಹದ್ದಿಗೂ ಊರೊಳಗಿನ ಮುದಿ ಲ್ಯಾಬ್ರಡಾರ್‌ಗೂ ಹೀಗೊಂದು ನಂಟು. ಆದರೆ ಅಲ್ಲೂ ಪ್ರಮಾಣದ ಮಾತಿದೆ. ಮನುಷ್ಯರ ಮೆಲೊಕ್ಸಿಕಾಮ್ ಮಾತ್ರೆ 7.5 ಅಥವಾ 15 ಮಿಲಿಗ್ರಾಂನದು; ಹತ್ತು ಕೆಜಿ ತೂಗುವ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 1 ಮಿಲಿಗ್ರಾಂ. ‘ಕಾಲು ಭಾಗ ಕೊಟ್ಟೆ, ಅಷ್ಟೇ’ ಎನ್ನುವವರು ಹತ್ತಿರಹತ್ತಿರ ದುಪ್ಪಟ್ಟೋ ಅದಕ್ಕೂ ಹೆಚ್ಚೋ ಕೊಟ್ಟಿರುತ್ತಾರೆ.

ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಇದೇ ವರ್ಗದವು. ಶುರುಮಾಡುವ ಮುನ್ನ ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ಮರುಪರೀಕ್ಷೆ, ಹೊಟ್ಟೆ ತುಂಬಿದ ಮೇಲೆ ಮಾತ್ರೆ. ವಾಂತಿ, ಊಟ ಬಿಡುವುದು, ಟಾರಿನಂಥ ಕಪ್ಪು ಮಲ ಕಂಡರೆ ಅದೇ ದಿನ ನಿಲ್ಲಿಸಿ ಫೋನ್ ಮಾಡಬೇಕು. ಇನ್ನು ಮೊದಲಲ್ಲಿ ಹೇಳಿದ ಜಗಳ: ತುರಿಕೆ, ನೆಕ್ಕಾಟಕ್ಕೆ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಈ ನೋವಿನ ಮಾತ್ರೆಯ ಜೊತೆ ಸೇರಿದರೆ ಜಠರದಲ್ಲಿ ಹುಣ್ಣಾಗಿ ತೂತು ಬೀಳುವವರೆಗೂ ಹೋಗಬಹುದು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗಲೂ ನಡುವೆ ಕೆಲವು ದಿನಗಳ ಬಿಡುವು ಬೇಕು. ಚರ್ಮದ ವೈದ್ಯರಿಗೆ ಕಾಲಿನ ಚೀಟಿ ತೋರಿಸಿ, ಕಾಲಿನ ವೈದ್ಯರಿಗೆ ಚರ್ಮದ ಚೀಟಿ ತೋರಿಸಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಬಹುದು.

ಒಂದೇ ಮಾತ್ರೆ ಸಾಲದಾದಾಗ ಗ್ಯಾಬಪೆಂಟಿನ್, ಅಮಾಂಟಡೀನ್ ಸೇರಿಸುತ್ತಾರೆ. ನರಗಳೇ ನೋವನ್ನು ದೊಡ್ಡದು ಮಾಡತೊಡಗಿದ ಹಳೆಯ ಪ್ರಕರಣಗಳಿಗೆ ಇವು. ಟ್ರಮಡಾಲ್ ಮೇಲಿದ್ದ ನಂಬಿಕೆ ಮಾತ್ರ ಕುಸಿದಿದೆ. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಧಿವಾತದ ನಾಯಿಗಳಿಗೆ ಅದು ಖಾಲಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ತಿಂಗಳಿಗೊಮ್ಮೆ ಕೊಡುವ ಬೆಡಿನ್ವೆಟ್‌ಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದಿಗೆ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡ ಸೋತ ನಾಯಿಗಳ ಒಡೆಯರು ಅದನ್ನು ವರವೆಂದು ಬರಮಾಡಿಕೊಂಡರು. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ನಡಿಗೆ ತಪ್ಪುವುದು, ಫಿಟ್ಸ್ ಮೊದಲಾದ ವರದಿಗಳು ಬಂದಿವೆ ಎಂದು ಪಶುವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ವಿದೇಶದಲ್ಲಿರುವ ಕನ್ನಡಿಗ ಮನೆಗಳಲ್ಲಿ ಇದರ ಮಾತು ಆಗಾಗ ಕೇಳಿಬರುತ್ತದೆ. ತೀರಾ ಹೆದರುವುದಾಗಲಿ ಮುಗಿಬೀಳುವುದಾಗಲಿ ಬೇಡ, ನರದ ತೊಂದರೆ ಮೊದಲೇ ಇದೆಯೇ ಎಂದು ನೋಡಿಸಿಕೊಂಡೇ ತೀರ್ಮಾನಿಸಬೇಕು.

ಔಷಧಕ್ಕಿಂತ ಅಗ್ಗದ್ದು, ಮಾಡಲು ಕಷ್ಟದ್ದು ತೂಕ ಇಳಿಸುವುದು. ಈ ವಿಷಯದಲ್ಲಿ ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ಅಧ್ಯಯನವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದಲೇ ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಊಟ ಹಾಕಿದರು. 2002ರಲ್ಲಿ ಹೊರಬಂದ ಲೆಕ್ಕದ ಪ್ರಕಾರ ತೆಳ್ಳಗಿನವುಗಳ ಮಧ್ಯಮ ಆಯಸ್ಸು 13 ವರ್ಷ, ಹೊಟ್ಟೆತುಂಬ ತಿಂದವುಗಳದು 11.2. ಗುಂಪಿನ ಅರ್ಧದಷ್ಟು ನಾಯಿಗಳಿಗೆ ಸಂಧಿವಾತದ ಚಿಕಿತ್ಸೆ ಬೇಕಾದ ವಯಸ್ಸು ತೆಳ್ಳಗಿನವುಗಳಲ್ಲಿ 13.3, ಉಳಿದವುಗಳಲ್ಲಿ 10.3. ಮೂರು ವರ್ಷ ನೋವಿಲ್ಲದ ಬದುಕು, ಅದೂ ಕಾಲು ಭಾಗ ಊಟದ ಬೆಲೆಗೆ. ನಮ್ಮ ಮನೆಗಳಲ್ಲಿ ಇದಕ್ಕೆ ಅಡ್ಡ ಬರುವುದು ಪ್ರೀತಿ: ಅಜ್ಜನ ಚಹಾದ ಜೊತೆ ಬಿಸ್ಕತ್ತು, ಊಟ ಮುಗಿದ ಮೇಲೆ ಉಳಿದ ಮೊಸರನ್ನ, ಭಾನುವಾರ ಕೊಬ್ಬಿನ ಮಾಂಸ. ಪಕ್ಕೆಲುಬು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸುಲಭವಾಗಿ ಸಿಗಬೇಕು ಎನ್ನುವುದು ಸರಳ ಅಳತೆ. ಮುಧೋಳ ನಾಯಿ ನೋಡಿ ಬೆಳೆದ ಬಾಗಲಕೋಟೆ ಕಡೆಯವರಿಗೆ ತೆಳ್ಳಗಿನ ನಾಯಿ ಎಂದರೆ ಸೊರಗಿದ ನಾಯಿಯಲ್ಲ ಎಂದು ಹೇಳಬೇಕಾಗಿಲ್ಲ. ಪೇಟೆಯ ಲ್ಯಾಬ್ರಡಾರ್ ಮನೆಯವರಿಗೆ ಹೇಳಬೇಕು.

ಗ್ಲುಕೋಸಮೀನ್ ಡಬ್ಬಿಗಳ ಬಗ್ಗೆ ನನಗೆ ಉತ್ಸಾಹವಿಲ್ಲ. 2022ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ ಗ್ಲುಕೋಸಮೀನ್–ಕಾಂಡ್ರಾಯ್ಟಿನ್ ಜೋಡಿ ನೋವಿಗೆ ಕೆಲಸ ಮಾಡುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿತು. ಒಮೆಗಾ–3 ಕೊಬ್ಬಿಗೆ ಒಳ್ಳೆಯ ಅಂಕ ಕೊಟ್ಟಿತು. ಕರಾವಳಿಯವರಿಗೆ ಅದು ಬೂತಾಯಿಯಲ್ಲೇ ಇದೆ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿ ಮುಳ್ಳು ತೆಗೆದು ಕೊಡಬಹುದು. ಅರಿಶಿನ ಹಾನಿ ಮಾಡದು, ಆದರೆ ಕರುಳು ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. ನೋವಿನ ಬಾಮುಗಳನ್ನು ಮಾತ್ರ ನಾಯಿಗೆ ಹಚ್ಚಲೇಬಾರದು. ನೆಕ್ಕುವ ನಾಯಿಯ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ; ಬಾಮಿನಲ್ಲಿರುವ ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್ ಎರಡೂ ಅದಕ್ಕೆ ವಿಷ.

‘ನಮ್ಮ ನಾಯಿಗೆ ಗುಣ ಕಂಡಿತಲ್ಲ’ ಎನ್ನುವವರಿಗೆ ಒಂದು ಪ್ರಯೋಗದ ಸುದ್ದಿ. 2012ರಲ್ಲಿ ಕಾನ್ಜೆಮಿಯಸ್ ಮತ್ತು ಎವನ್ಸ್ ಎಂಬ ಸಂಶೋಧಕರು, ಖಾಲಿ ಮಾತ್ರೆ ಪಡೆದ ಕುಂಟು ನಾಯಿಗಳ ನಡಿಗೆಯನ್ನು ಪಾದ ಊರುವ ಬಲ ಅಳೆಯುವ ಹಲಗೆಯ ಮೇಲೆ ಅಳೆದು ಅದನ್ನು ಮನೆಯವರ ಮಾತಿಗೆ ಹೋಲಿಸಿದರು. ಹಲಗೆ ಬದಲಾವಣೆ ತೋರದಿದ್ದಾಗಲೂ ಮನೆಯವರಲ್ಲಿ ಬಹಳ ಮಂದಿ ‘ವಾಸಿ’ ಎಂದರು. ಪಶುವೈದ್ಯರೂ ಈ ಮೋಸಕ್ಕೆ ಹೊರತಾಗಿರಲಿಲ್ಲ. ಹಾಗಾಗಿ ಕಣ್ಣನ್ನು ನಂಬುವುದಕ್ಕಿಂತ ಫೋನನ್ನು ನಂಬುವುದು ಲೇಸು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಏಳುವ, ನಡೆಯುವ, ಮೆಟ್ಟಿಲೇರುವ ವಿಡಿಯೊ ತೆಗೆಯಿರಿ. ಕ್ಲಿನಿಕ್‌ನಲ್ಲಿ ಹೆದರಿಕೆಯಿಂದ ನೆಟ್ಟಗೆ ನಡೆಯುವ ನಾಯಿಯ ನಿಜರೂಪ ವೈದ್ಯರಿಗೂ ಅದರಿಂದಲೇ ಗೊತ್ತಾಗುತ್ತದೆ.

ಮನೆಯ ನೆಲದ ಬಗ್ಗೆ ಯಾರೂ ಚೀಟಿ ಬರೆದುಕೊಡುವುದಿಲ್ಲ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ಸೊಂಟ ಬಿದ್ದ ನಾಯಿ ಏಳುವುದನ್ನು ನೋಡಿದರೆ ಸಾಕು, ಅರ್ಧ ಚಿಕಿತ್ಸೆ ಅಲ್ಲೇ ಬಾಕಿಯಿದೆ ಎಂದು ತಿಳಿಯುತ್ತದೆ. ಹಿಂಗಾಲು ಎರಡೂ ಹೊರಕ್ಕೆ ಜಾರಿ, ಪ್ರತಿ ಜಾರಿಕೆಗೂ ನೊಂದ ಕೀಲು ಮತ್ತೆ ಎಳೆಯುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್, ತೆಂಗಿನ ನಾರಿನ ಹಾಸು, ಹಳೆಯ ಯೋಗಾ ಮ್ಯಾಟ್ ಏನಾದರೂ ಹಾಸಿ ದಾರಿ ಮಾಡಬೇಕು. ಅಂಗಾಲಿನ ಸಂದಿಯ ಕೂದಲು ಕತ್ತರಿಸಬೇಕು. ಬರಿ ನೆಲದ ಬದಲು ದಪ್ಪ ಹಾಸಿಗೆ, ಕಾರಿಗೆ ಹತ್ತಲು ಇಳಿಜಾರು ಹಲಗೆ. ನಡಿಗೆ ನಿಲ್ಲಿಸುವುದು ತಪ್ಪು. ಭಾನುವಾರ ಒಂದು ಗಂಟೆ ಓಡಿಸಿ ಆರು ದಿನ ಮಲಗಿಸುವುದು ಇನ್ನೂ ತಪ್ಪು. ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ ಸಮತಟ್ಟಾದ ಮಣ್ಣಿನ ಮೇಲೆ ನಡೆಸಿದರೆ ಮಾಂಸಖಂಡ ಉಳಿಯುತ್ತದೆ. ಈಜು, ನೀರಿನೊಳಗಿನ ಟ್ರೆಡ್‌ಮಿಲ್ ಸಿಗುವವರಿಗೆ ಒಳ್ಳೆಯದು. ಲೇಸರ್, ಆಕ್ಯುಪಂಕ್ಚರ್‌ಗೆ ಪುರಾವೆ ತೆಳ್ಳಗಿದೆ; ದುಡ್ಡಿದ್ದರೆ ಮಾಡಿಸಿ, ಮಾತ್ರೆ ಬಿಟ್ಟು ಮಾಡಿಸಬೇಡಿ.

ನೆಕ್ಕುವುದನ್ನು ತಡೆಯಲು ಕುತ್ತಿಗೆಗೆ ಕೋನ್ ಹಾಕುವುದು ಹುಣ್ಣು ಮಾಯಲು ಬೇಕಾದ ಬಿಡುವು ಕೊಡುತ್ತದೆ, ಕಾರಣವನ್ನು ಮುಟ್ಟುವುದಿಲ್ಲ. ತೆಗೆದ ದಿನ ನಾಲಿಗೆ ಮತ್ತೆ ಅಲ್ಲಿಗೇ ಹೋಗುತ್ತದೆ, ಇಲ್ಲವೇ ಇನ್ನೊಂದು ಕಾಲು ಹುಡುಕುತ್ತದೆ. ಮಣಿಗಂಟಿನ ಹುಣ್ಣಿನ ಸೋಂಕು ಕೂದಲ ಬುಡದ ಆಳದಲ್ಲಿರುವುದರಿಂದ ಮೇಲಿನ ಮುಲಾಮು ಸಾಲದು. ಕಲ್ಚರ್ ಪರೀಕ್ಷೆ ಮಾಡಿಸಿ ಆರಿಸಿದ ಪ್ರತಿಜೈವಿಕವನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಬೆರಳ ಸಂದಿಯ ಅಲರ್ಜಿಗೆ ಹೊರಗೆ ಹೋಗಿ ಬಂದಾಗಲೆಲ್ಲ ಪಾದ ತೊಳೆದು, ತೊಳೆದದ್ದಕ್ಕಿಂತ ಮುಖ್ಯವಾಗಿ ಸಂದಿ ಸಂದಿ ಒರೆಸಿ ಒಣಗಿಸಬೇಕು. ಸೋಂಕಿದ್ದರೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ. ಸ್ಟೀರಾಯ್ಡ್ ಬದಲಿಗೆ ಒಕ್ಲಾಸಿಟಿನಿಬ್ ಮಾತ್ರೆ ಇದೆ. ನೋವಿನ ಮಾತ್ರೆ ನಡೆಯುತ್ತಿರುವ ಮುದಿ ನಾಯಿಗೆ ಇಂಥ ಬದಲಿ ಇದೆಯೇ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ. ಇಷ್ಟೆಲ್ಲ ಸರಿಪಡಿಸಿದ ಮೇಲೂ ರಾತ್ರಿ ದಿಕ್ಕುತಪ್ಪಿ ಓಡಾಡುತ್ತಾ, ಮೂಲೆಯಲ್ಲಿ ನಿಂತು, ಅದೇ ಕಾಲನ್ನು ಅದೇ ಹೊತ್ತಿಗೆ ನೆಕ್ಕುತ್ತಿದ್ದರೆ ಮಿದುಳಿನ ಮುಪ್ಪನ್ನು ಯೋಚಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ. 28ರಲ್ಲಿ, 15–16 ವರ್ಷದವುಗಳಲ್ಲಿ ಶೇ. 68ರಲ್ಲಿ ಅಂಥ ಒಂದಲ್ಲ ಒಂದು ಲಕ್ಷಣ ಕಂಡಿತ್ತು. ರಾಪೊಪೋರ್ಟ್ ಅವರ ಕ್ಲೊಮಿಪ್ರಮಿನ್ ಬಳಗದ ಮದ್ದಿಗೆ ಜಾಗವಿದ್ದರೆ ಅದೂ ಅಲ್ಲವೆಂದಾದ ಮೇಲೆ, ಸರದಿಯ ಕೊನೆಯಲ್ಲಿ.

ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಹಲವಾರು ಖಾಸಗಿ ಕ್ಲಿನಿಕ್‌ಗಳೂ ಇವೆ. ತಾಲ್ಲೂಕು ಮಟ್ಟದ ಪಶು ಆಸ್ಪತ್ರೆ ಮುಖ್ಯವಾಗಿ ದನ, ಎಮ್ಮೆ, ಕುರಿಗಳದ್ದು. ಅಲ್ಲಿಯ ವೈದ್ಯರಿಗೆ ಕೀಲು ಮುಟ್ಟಿ ನೋಡುವ ಕೈಯಿದೆ, ಎಕ್ಸ್‌ರೇ ಇರಲಾರದು. ಅಂಥಲ್ಲಿ ವಿಡಿಯೊ, ತೂಕ, ಕೊಟ್ಟ ಔಷಧಗಳ ಹಳೆಯ ಚೀಟಿಗಳು ಎಕ್ಸ್‌ರೇಯ ಅರ್ಧ ಕೆಲಸ ಮಾಡುತ್ತವೆ.

ಬೀದಿಯ ಮುದಿ ನಾಯಿಗೆ ಅನ್ನ ಹಾಕುವವರು ಇದೇ ಪ್ರಶ್ನೆಯನ್ನು ಬೇರೆ ರೀತಿ ಎದುರಿಸುತ್ತಾರೆ. ರಕ್ತಪರೀಕ್ಷೆ ಮಾಡಿಸಲಾಗದ, ನಾಳೆ ಎಲ್ಲಿರುತ್ತದೋ ಗೊತ್ತಿಲ್ಲದ, ನೀರು ಕುಡಿಯಿತೋ ಇಲ್ಲವೋ ತಿಳಿಯದ ನಾಯಿಗೆ ದಿನಾ ನೋವಿನ ಮಾತ್ರೆ ಕೊಡುವುದು ಜೂಜು. ಅವರ ಕೈಯಲ್ಲಿ ಆಗುವುದು ಬೇರೆ: ಮೂರು ತಿಂಗಳಿಗೊಮ್ಮೆ ಅನ್ನದೊಳಗೆ ಇಟ್ಟು ಕೊಡಬಹುದಾದ ಫ್ಲುರಲಾನರ್‌ನಂಥ ಉಣ್ಣಿ ಮಾತ್ರೆ, ಅಂಗಡಿ ಮುಚ್ಚಿದ ಮೇಲೆ ಜಗಲಿಯ ಸಿಮೆಂಟಿನ ಮೇಲೊಂದು ದಪ್ಪ ಗೋಣಿತಾಟು, ಮೈಕೊಟ್ಟು ನಿಂತ ದಿನ ಪಾದ ಎತ್ತಿ ಮುಳ್ಳು, ಉಗುರು ನೋಡುವುದು. ಅನ್ನ ಹಾಕುವವರು ನಾಲ್ಕು ಮಂದಿ ಇದ್ದರೆ ಔಷಧ ಕೊಡುವವರು ಒಬ್ಬರೇ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಂದೇ ಮಾತ್ರೆಯನ್ನು ನಾಲ್ವರೂ ಕೊಟ್ಟಿರುತ್ತಾರೆ.